ಹೊಸ್ತಿಲಾಚೆ ನಿಂತವರು: ಬೌದ್ಧ ಪ್ರೇತಕಥೆಗಳು ಮತ್ತು ಕನ್ನಡ ನಾಡು

ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಎಡೆದೊರೆ ನಾಡಿಗೆ, ಅಂದರೆ ಇಂದಿನ ರಾಯಚೂರು ಸೀಮೆಗೆ, ಬೌದ್ಧ ಧರ್ಮ ಬಂದದ್ದು ಕ್ರಿ.ಪೂ. 3ನೆಯ ಶತಮಾನದಲ್ಲಿ. ಭಿಕ್ಷುಗಳು ಹೋದಲ್ಲೆಲ್ಲ ಬುದ್ಧನ ಉಪದೇಶದ ಜೊತೆಗೆ ಯಕ್ಷ, ಪಿಶಾಚಿ, ಹಸಿದ ಪ್ರೇತ, ಎದ್ದು ನಡೆಯುವ ಹೆಣಗಳ ಕಥೆಗಳನ್ನೂ ಹೊತ್ತು ಹೋದರು. ಸಿಂಹಳದಿಂದ ಜಪಾನಿನವರೆಗೆ ಏಷ್ಯಾದ ಭಯಾನಕ ಕಥೆಗಳ ಬಹುದೊಡ್ಡ ಪಾಲು ಈ ನಂಬಿಕೆಗಳ ಮೇಲೆ ನಿಂತಿದೆ. ಕನ್ನಡಿಗರು ಬಾಲ್ಯದಲ್ಲೇ ಓದುವ ಬೇತಾಳನ ಕಥೆಗೂ ಇದಕ್ಕೂ ಹತ್ತಿರದ ನಂಟಿದೆ. ಆ ನಂಟಿನ ಇತಿಹಾಸ ಕೃಷ್ಣೆಯ ದಡದಿಂದ ಹೊರಟು ಟಿಬೆಟ್ ಸುತ್ತಿ ಮತ್ತೆ ಕರ್ನಾಟಕಕ್ಕೇ ಬಂದು ಸೇರುತ್ತದೆ.

ಮಸ್ಕಿಯ ಗುಡ್ಡದಲ್ಲಿ ಅಶೋಕನ ಬಂಡೆಗಲ್ಲಿನ ಶಾಸನ 1915ರಲ್ಲಿ ಬೆಳಕಿಗೆ ಬಂತು. ನಿಜಾಮರ ಆಡಳಿತದ ಕಾಲದಲ್ಲಿ ಚಿನ್ನದ ಗಣಿ ಕೆಲಸದ ಎಂಜಿನಿಯರ್ ಸಿ. ಬೀಡನ್ ಅದನ್ನು ಗುರುತಿಸಿದ. 'ದೇವಾನಾಂಪ್ರಿಯ' ಎಂದು ಬಿರುದಿನಿಂದಷ್ಟೇ ಕರೆದುಕೊಂಡಿದ್ದ ರಾಜ ಅಶೋಕನೇ ಎಂದು ಆ ಶಾಸನದಿಂದ ಖಚಿತವಾಯಿತು. ಪಠ್ಯಪುಸ್ತಕಗಳು ಸಾಮಾನ್ಯವಾಗಿ ಇಷ್ಟಕ್ಕೇ ನಿಲ್ಲುತ್ತವೆ. ಆದರೆ ಅದೇ ಶಾಸನದಲ್ಲಿ ಇನ್ನೂ ಒಂದು ವಿಷಯವಿದೆ. ಜಂಬೂದ್ವೀಪದಲ್ಲಿ ಅದುವರೆಗೆ ಮನುಷ್ಯರೊಡನೆ ಬೆರೆಯದಿದ್ದ ದೇವತೆಗಳು ಈಗ ಬೆರೆತಿದ್ದಾರೆ ಎಂದು ಅಶೋಕ ಹೇಳಿಕೊಳ್ಳುತ್ತಾನೆ. ಆ ಮಾತಿನ ಅರ್ಥದ ಬಗ್ಗೆ ವಿದ್ವಾಂಸರಲ್ಲಿ ಚರ್ಚೆ ನಡೆದೇ ಇದೆ. ಅದು ಏನೇ ಇರಲಿ, ಮನುಷ್ಯರ ಲೋಕಕ್ಕೂ ಮನುಷ್ಯರಲ್ಲದವರ ಲೋಕಕ್ಕೂ ನಡುವೆ ಗಟ್ಟಿ ಗೋಡೆಯಿಲ್ಲ, ಎರಡೂ ಕಡೆಯವರು ಹೋಗಿ ಬರಬಹುದು ಎಂಬ ತಿಳಿವಳಿಕೆ ಅದರ ಹಿಂದಿದೆ. ಬೌದ್ಧ ಭಯಕಥೆಗಳ ತಳಪಾಯವೂ ಇದೇ.

ಪಾಲಿ ಗ್ರಂಥಗಳು ಈ ಮನುಷ್ಯರಲ್ಲದವರನ್ನು ಒಟ್ಟಾಗಿ 'ಅಮನುಸ್ಸ' ಎನ್ನುತ್ತವೆ. ಮರ, ಕಾಡು, ಕೆರೆ, ಹಾಳುಮನೆಗಳಲ್ಲಿ ಇರುವ ಯಕ್ಷ ಯಕ್ಷಿಯರು ಬಲಶಾಲಿಗಳು, ಮುಂಗೋಪಿಗಳು, ಕೆಲವೊಮ್ಮೆ ನರಭಕ್ಷಕರು. ಪಿಶಾಚಿಗಳು ಸುಡುಗಾಡಿನವು. ಪ್ರೇತಗಳು ಸತ್ತ ಮನುಷ್ಯರೇ. ಜಿಪುಣತನ, ಮೋಸ, ಕೊಲೆಗಳ ಫಲವಾಗಿ ಹಸಿವು ಬಾಯಾರಿಕೆಯ ಜನ್ಮ ಪಡೆದವರು. ಈ ಎಲ್ಲವುಗಳ ಮೇಲೆ ಮಾರನಿದ್ದಾನೆ. ಆದರೆ ಮಾರ ಕತ್ತಲಲ್ಲಿ ಬಂದು ಕುತ್ತಿಗೆ ಹಿಸುಕುವ ದೆವ್ವವಲ್ಲ, ಆಸೆ ಮತ್ತು ಸಾವುಗಳ ಒಡೆಯ. ಮುಖ್ಯವಾದದ್ದೆಂದರೆ, ಇವರಲ್ಲಿ ಯಾರೂ ಶಾಶ್ವತವಾಗಿ ಕೆಟ್ಟವರಲ್ಲ. ಕರ್ಮ ಸವೆದ ದಿನ ಪ್ರೇತವೂ ಬೇರೆ ಜನ್ಮಕ್ಕೆ ಹೋಗುತ್ತದೆ, ಯಕ್ಷನೂ ಉಪಾಸಕನಾಗಬಹುದು. ಹೀಗಾಗಿ ಬೌದ್ಧ ಕಥೆಯಲ್ಲಿ ಭೂತವನ್ನು ಸುಟ್ಟು ಬೂದಿ ಮಾಡುವುದು ಅಪರೂಪ. ಅದಕ್ಕೆ ಉಣ್ಣಲು ಕೊಡುತ್ತಾರೆ, ಮಾತು ಕೇಳಿಸುತ್ತಾರೆ, ಕೊನೆಗೆ ಅದರಿಂದ ಭಾಷೆ ತೆಗೆದುಕೊಳ್ಳುತ್ತಾರೆ.

ಹೆಣ ಎದ್ದು ಬೆನ್ನುಹತ್ತುವ ಕಥೆಯೊಂದು ಸಿಗುವುದು ಭಿಕ್ಷುಗಳ ನಿಯಮಗಳ ಗ್ರಂಥವಾದ ವಿನಯಪಿಟಕದಲ್ಲಿ, ಅದೂ ಕಳ್ಳತನದ ಅಧ್ಯಾಯದಲ್ಲಿ. ಭಿಕ್ಷುಗಳು ಸುಡುಗಾಡಿನಲ್ಲಿ ಬಿದ್ದ ಬಟ್ಟೆ ಆಯ್ದು ಚೀವರ ಹೊಲಿದುಕೊಳ್ಳುವುದು ವಾಡಿಕೆಯಾಗಿತ್ತು. ಒಬ್ಬ ಭಿಕ್ಷು ಆಗತಾನೇ ತಂದಿಟ್ಟ ಹೆಣದ ಮೇಲಿನ ಬಟ್ಟೆಗೆ ಕೈ ಹಾಕಿದ. ಆ ದೇಹದಲ್ಲಿ ಇನ್ನೂ ಪ್ರೇತ ನೆಲೆಸಿತ್ತು. ತನ್ನ ಬಟ್ಟೆ ಒಯ್ಯಬೇಡವೆಂದು ಅದು ಬೇಡಿಕೊಂಡಿತು. ಭಿಕ್ಷು ಕೇಳದೆ ಎಳೆದುಕೊಂಡು ಹೊರಟ. ಹೆಣ ಎದ್ದು ಅವನ ಹಿಂದೆಯೇ ನಡೆಯಿತು. ಅವನು ವಿಹಾರ ಹೊಕ್ಕು ಬಾಗಿಲು ಹಾಕಿಕೊಂಡ; ಹೆಣ ಬಾಗಿಲ ಹೊರಗೆ ಕುಸಿದು ಬಿತ್ತು. ಕಥೆ ಅಲ್ಲಿಗೆ ಮುಗಿದು ವಿಚಾರಣೆ ಶುರುವಾಗುತ್ತದೆ. ಇದು ಸಂಘದಿಂದ ಹೊರಹಾಕುವಂಥ ಕಳ್ಳತನವೇ? ಅಲ್ಲ ಎಂದು ತೀರ್ಪಾಗುತ್ತದೆ. ಆದರೆ ಇನ್ನು ಮುಂದೆ ಕೆಡದ ಹೆಣದ ಮೇಲಿನ ಬಟ್ಟೆ ತೆಗೆಯಬಾರದು, ತೆಗೆದರೆ ತಪ್ಪು ಎಂಬ ನಿಯಮ ಹುಟ್ಟುತ್ತದೆ. ಸತ್ತವನ ಕೋರಿಕೆಯನ್ನು ಒಂದು ಕಾನೂನು ಇಷ್ಟು ಗಂಭೀರವಾಗಿ ಪರಿಗಣಿಸಿ ಅವನ ಪರವಾಗಿ ನಿಯಮ ಮಾಡಿದ್ದು ಗಮನಿಸಬೇಕಾದ ಸಂಗತಿ. ಅದೇ ವಿನಯದಲ್ಲಿ, ಅಮನುಸ್ಸ ಬಾಧೆಗೆ ಸಿಕ್ಕ ಭಿಕ್ಷುವೊಬ್ಬ ಹಂದಿ ಕೊಯ್ಯುವ ಜಾಗಕ್ಕೆ ಹೋಗಿ ಹಸಿಮಾಂಸ ತಿಂದು ಹಸಿರಕ್ತ ಕುಡಿದು ಗುಣವಾದ ಪ್ರಸಂಗವೂ ಇದೆ. ಅಂಥ ಬಾಧೆಯಿದ್ದಾಗ ಅದಕ್ಕೆ ಅನುಮತಿ ಕೊಡಲಾಯಿತು. ಮೈಮೇಲೆ ಬಂದದ್ದನ್ನು ಅಪರಾಧವೆನ್ನದೆ ಕಾಯಿಲೆ ಎಂದು ನೋಡಿದ ರೀತಿ ಇದು.

ಪ್ರೇತಗಳಿಗೆಂದೇ ಮೀಸಲಾದ ಪಾಲಿ ಗ್ರಂಥ 'ಪೇತವತ್ಥು'. ಅದರಲ್ಲಿ 51 ಕಥೆಗಳಿವೆ. ಪದ್ಯಗಳಲ್ಲಿ ಸುಳಿದುಹೋಗುವ ಪ್ರಸಂಗಗಳಿಗೆ ಪೂರ್ಣ ಕಥೆಯ ರೂಪ ಕೊಟ್ಟವನು ವ್ಯಾಖ್ಯಾನಕಾರ ಧಮ್ಮಪಾಲ. ಅವನು ದಕ್ಷಿಣ ಭಾರತದವನು. ಇವುಗಳಲ್ಲಿ ಹೆಚ್ಚು ಬಾಳಿದ್ದು ಬಿಂಬಿಸಾರನ ಕಥೆ. ರಾಜ ಬುದ್ಧನಿಗೂ ಸಂಘಕ್ಕೂ ಊಟ ಬಡಿಸಿದ. ಅವನ ಹಿಂದಿನ ಜನ್ಮದ ನೆಂಟರು ಪ್ರೇತಗಳಾಗಿ, ಆ ದಾನದ ಪುಣ್ಯ ಈಗ ತಮ್ಮ ಹೆಸರಿಗೆ ಬಂದೀತು, ಇನ್ನೇನು ಬಂದೀತು ಎಂದು ಅರಮನೆಯ ಸುತ್ತ ಕಾದು ನಿಂತಿದ್ದರು. ರಾಜ ಅವರನ್ನು ನೆನೆಯಲೇ ಇಲ್ಲ. ಆ ರಾತ್ರಿ ಅರಮನೆಯ ತುಂಬ ಭೀಕರ ಕೂಗು. ಬೆಳಿಗ್ಗೆ ರಾಜ ನಡುಗುತ್ತ ಬುದ್ಧನ ಬಳಿ ಓಡಿದಾಗ, ಕೂಗಿದವರು ವೈರಿಗಳಲ್ಲ, ಹಸಿದ ಬಂಧುಗಳು ಎಂದು ಗೊತ್ತಾಯಿತು. ಮರುದಿನ ರಾಜ ನೀರು ಬಿಟ್ಟು ಅವರ ಹೆಸರು ಹೇಳಿದ, ಅವರ ಮುಂದೆ ತಾವರೆಕೊಳ ಕಾಣಿಸಿಕೊಂಡಿತು. ಅನ್ನ ಕೊಟ್ಟ, ಹಸಿವು ಹಿಂಗಿತು. ಬಟ್ಟೆ ಕೊಟ್ಟ, ಬೆತ್ತಲೆ ಮೈ ಮುಚ್ಚಿತು. ಈ ಪ್ರಸಂಗದ ಸುತ್ತದಲ್ಲಿ ಪ್ರೇತಗಳು ನಿಲ್ಲುವ ಜಾಗಗಳನ್ನು ಸ್ಪಷ್ಟವಾಗಿ ಹೇಳಿದೆ: ಗೋಡೆಯ ಹೊರಗೆ, ದಾರಿ ಕೂಡುವಲ್ಲಿ, ತಾವು ಬದುಕಿದ್ದ ಮನೆಯ ಬಾಗಿಲ ಕಂಬದ ಪಕ್ಕದಲ್ಲಿ. ಥೇರವಾದ ದೇಶಗಳಲ್ಲಿ ಸತ್ತವರ ಹೆಸರಿನಲ್ಲಿ ದಾನ ಮಾಡುವಾಗ ಇಂದಿಗೂ ಈ ಸುತ್ತವನ್ನು ಪಠಿಸುತ್ತಾರೆ.

ಯಕ್ಷರ ಸಮಸ್ಯೆ ಬೇರೆ ತರಹದ್ದು. 'ಆಟಾನಾಟಿಯ ಸುತ್ತ'ದಲ್ಲಿ ಯಕ್ಷರ ಒಡೆಯ ವೈಶ್ರವಣನೇ ಬುದ್ಧನ ಮುಂದೆ ಒಪ್ಪಿಕೊಳ್ಳುವ ಮಾತಿದು: ಕೊಲ್ಲಬೇಡಿ, ಕದಿಯಬೇಡಿ, ಕುಡಿಯಬೇಡಿ ಎಂಬ ಉಪದೇಶ ಬಹುಪಾಲು ಯಕ್ಷರಿಗೆ ಹಿಡಿಸಿಲ್ಲ, ಭಿಕ್ಷುಗಳೋ ಕಾಡಿನಲ್ಲಿ ಒಂಟಿಯಾಗಿ ಇರುವವರು, ಅವರಿಗೆ ರಕ್ಷೆ ಬೇಕು. ಹೀಗೆ ಹುಟ್ಟಿದ ರಕ್ಷಾಪಠಣಗಳೇ 'ಪರಿತ್ತ'. 1956ರಲ್ಲಿ ಆಚಾರ್ಯ ಬುದ್ಧರಕ್ಖಿತರು ಬೆಂಗಳೂರಿನಲ್ಲಿ ಸ್ಥಾಪಿಸಿದ ಮಹಾಬೋಧಿ ಸೊಸೈಟಿಯಂಥ ಥೇರವಾದ ಸಂಸ್ಥೆಗಳಲ್ಲಿ ಈ ಪಠಣ ನಿತ್ಯದ ರೂಢಿ. ಆಳವಕನೆಂಬ ಯಕ್ಷನ ಕಥೆಯೂ ಈ ಸಾಲಿನದು. ದಿನಕ್ಕೊಬ್ಬ ಮನುಷ್ಯನನ್ನು ತಿನ್ನುತ್ತಿದ್ದ ಅವನ ಮನೆಯಲ್ಲೇ ಬುದ್ಧ ಹೋಗಿ ಕೂರುತ್ತಾನೆ. ಯಕ್ಷ ಹೊರಗೆ ಹೋಗು, ಒಳಗೆ ಬಾ ಎಂದು ಮೂರು ಸಲ ಅಲೆಸುತ್ತಾನೆ. ನಾಲ್ಕನೆಯ ಸಲ ಬುದ್ಧ ಕದಲುವುದಿಲ್ಲ. ಆಗ ಯಕ್ಷ ಪ್ರಶ್ನೆ ಕೇಳುತ್ತಾನೆ. ಉತ್ತರ ತಪ್ಪಿದರೆ ಎದೆ ಸೀಳುವ ಬೆದರಿಕೆ. ಬೇತಾಳನ ಕಥೆ ಓದಿದ ಕನ್ನಡಿಗರಿಗೂ, ಮಹಾಭಾರತದ ಯಕ್ಷಪ್ರಶ್ನೆ ಬಲ್ಲವರಿಗೂ ಈ ಕಟ್ಟು ಹೊಸದಲ್ಲ.

ಇವೆಲ್ಲಕ್ಕಿಂತ ಎಡೆದೊರೆಯ ರೈತರಿಗೆ ಹತ್ತಿರವಾಗುವ ಕಥೆ ಧಮ್ಮಪದದ ವ್ಯಾಖ್ಯಾನದಲ್ಲಿರುವ ಕಾಳಿ ಯಕ್ಷಿಯದು. ಒಬ್ಬ ಗಂಡನಿಗೆ ಇಬ್ಬರು ಹೆಂಡಿರು. ಬಂಜೆಯಾದ ಹಿರಿಯಳು ಕಿರಿಯಳ ಬಸಿರು ಮತ್ತೆ ಮತ್ತೆ ಇಳಿಸುತ್ತಾಳೆ; ಕೊನೆಗೆ ಕಿರಿಯಳೂ ಸಾಯುತ್ತಾಳೆ, ಸಾಯುವಾಗ ಸೇಡಿನ ಪ್ರತಿಜ್ಞೆ ಮಾಡುತ್ತಾಳೆ. ಮುಂದಿನ ಜನ್ಮದಲ್ಲಿ ಒಬ್ಬಳು ಬೆಕ್ಕು, ಇನ್ನೊಬ್ಬಳು ಕೋಳಿ. ಅದರ ಮುಂದಿನದರಲ್ಲಿ ಒಬ್ಬಳು ಜಿಂಕೆ, ಇನ್ನೊಬ್ಬಳು ಚಿರತೆ. ಪ್ರತಿ ಸಲ ಒಬ್ಬಳ ಮರಿಗಳನ್ನು ಇನ್ನೊಬ್ಬಳು ತಿನ್ನುತ್ತಾಳೆ. ಕೊನೆಯ ಜನ್ಮದಲ್ಲಿ ಒಬ್ಬಳು ಶ್ರಾವಸ್ತಿಯ ಗೃಹಿಣಿ, ಮತ್ತೊಬ್ಬಳು ಯಕ್ಷಿ. ಯಕ್ಷಿ ಎರಡು ಕೂಸುಗಳನ್ನು ತಿಂದಾಗಿದೆ. ಮೂರನೆಯ ಕೂಸನ್ನು ಅವುಚಿಕೊಂಡು ತಾಯಿ ಬುದ್ಧನಿದ್ದ ಜೇತವನ ವಿಹಾರಕ್ಕೆ ಓಡಿ ಅವನ ಪಾದದಲ್ಲಿ ಇಡುತ್ತಾಳೆ. ಬುದ್ಧ ಯಕ್ಷಿಯನ್ನೂ ಒಳಗೆ ಕರೆಸುತ್ತಾನೆ. ಹಗೆಯಿಂದ ಹಗೆ ಆರದು ಎಂದು ಇಬ್ಬರಿಗೂ ತಿಳಿಹೇಳಿ, ಕೂಸನ್ನು ಅವಳ ಕೈಗೆ ಕೊಡು ಎಂದು ತಾಯಿಗೆ ಹೇಳುತ್ತಾನೆ. ಭಯಾನಕ ಕಥೆಯ ಇತಿಹಾಸದಲ್ಲಿ ಇದಕ್ಕಿಂತ ಉಸಿರು ಹಿಡಿಸುವ ಗಳಿಗೆ ಸಿಗುವುದು ಕಷ್ಟ. ತಾಯಿ ಕೊಡುತ್ತಾಳೆ. ಯಕ್ಷಿ ಕೂಸಿಗೆ ಮುತ್ತಿಟ್ಟು ಹಿಂದಿರುಗಿಸಿ ಅಳತೊಡಗುತ್ತಾಳೆ. ಇಷ್ಟು ದಿನ ಹೇಗೋ ಹೊಟ್ಟೆ ಹೊರೆದೆ, ಇನ್ನು ಏನು ತಿನ್ನಲಿ ಎಂಬುದು ಅವಳ ಅಳಲು.

ಸಾಮಾನ್ಯ ಕಥೆಗಾರ ಇಲ್ಲಿಗೆ ಮುಗಿಸುತ್ತಿದ್ದ. ಬೌದ್ಧ ವ್ಯಾಖ್ಯಾನಕಾರ ಮುಂದೆ ಹೋಗಿ ಯಕ್ಷಿಯ ವಸತಿಯ ಪ್ರಶ್ನೆಗೆ ಕೈ ಹಾಕುತ್ತಾನೆ. ಗೃಹಿಣಿ ಅವಳನ್ನು ಮನೆಗೆ ಕರೆದೊಯ್ದು ಗಂಜಿ ಅನ್ನ ಕೊಟ್ಟು ಇರಿಸಿಕೊಳ್ಳುತ್ತಾಳೆ. ಆದರೆ ಎಲ್ಲಿಯೂ ಒಗ್ಗುವುದಿಲ್ಲ. ಕುಟ್ಟುವ ಕೋಣೆಯಲ್ಲಿಟ್ಟರೆ ಒನಕೆ ತನ್ನ ತಲೆಗೇ ಬಡಿದಂತಾಗುತ್ತದೆ ಎನ್ನುತ್ತಾಳೆ; ನೀರಿನ ಮಡಕೆಯ ಬಳಿ ಎಂಜಲು ಚೆಲ್ಲುತ್ತಾರೆ; ಒಲೆಯ ಬಳಿ ನಾಯಿಗಳು ಮಲಗುತ್ತವೆ; ತಿಪ್ಪೆಯಲ್ಲಿ ಕಸ ಸುರಿಯುತ್ತಾರೆ; ಊರಬಾಗಿಲಲ್ಲಿ ಹುಡುಗರು ಬಾಣ ಗುರಿಯಿಟ್ಟು ಆಡುತ್ತಾರೆ. ಕಡೆಗೆ ಊರ ಹೊರಗಿನ ಪ್ರಶಾಂತ ಜಾಗದಲ್ಲಿ ನೆಲೆ ಸಿಕ್ಕಿ, ದಿನವೂ ಊಟ ಅಲ್ಲಿಗೇ ಹೋಗುತ್ತದೆ. ಅದಕ್ಕೆ ಪ್ರತಿಯಾಗಿ ಯಕ್ಷಿ ಮಳೆಯ ಸುದ್ದಿ ಹೇಳುತ್ತಾಳೆ: ಈ ವರ್ಷ ಮಳೆ ಹೆಚ್ಚು, ಎತ್ತರದ ಹೊಲದಲ್ಲಿ ಬಿತ್ತು, ಈ ವರ್ಷ ಬರ, ತಗ್ಗಿನಲ್ಲಿ ಬಿತ್ತು. ಗೃಹಿಣಿಯ ಬೆಳೆ ಮಾತ್ರ ಕೈಗೆ ಹತ್ತುವುದನ್ನು ಕಂಡು ಊರವರೂ ಯಕ್ಷಿಗೆ ಎಡೆ ಒಯ್ಯತೊಡಗುತ್ತಾರೆ. ಕೂಸು ತಿನ್ನುತ್ತಿದ್ದವಳು ಊರ ಹೊರಗಿನ ದೇವತೆಯಾಗುತ್ತಾಳೆ. ಗ್ರಾಮದೇವತೆ ಹೇಗೆ ಹುಟ್ಟುತ್ತಾಳೆಂದು ಇಷ್ಟು ನೇರವಾಗಿ ಹೇಳುವ ಹಳೆಯ ಕಥೆ ಇನ್ನೊಂದು ಸಿಗುವುದು ವಿರಳ.

ಯಾಪಲದಿನ್ನಿ, ದೇವದುರ್ಗ, ಮಾನ್ವಿ ಕಡೆಯ ಹೊಲಗಳಲ್ಲಿ ಎಳ್ಳ ಅಮಾವಾಸ್ಯೆಯ ದಿನ ಚರಗ ಚೆಲ್ಲುವ ಪದ್ಧತಿಯಿದೆ. ಸಜ್ಜೆ ರೊಟ್ಟಿ, ಕಡುಬು, ಪುಂಡಿಪಲ್ಯ, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಪೂಜೆ ಮಾಡಿ, ಬೆಳೆಯ ನಡುವೆ ನಡೆಯುತ್ತ ಅನ್ನ ಚೆಲ್ಲುತ್ತಾರೆ. ಆಮೇಲೆ ಎಲ್ಲರೂ ಅಲ್ಲೇ ಕೂತು ಉಣ್ಣುತ್ತಾರೆ. ದೃಷ್ಟಿಯಾದವರಿಗೆ, ಗಾಳಿ ಸೋಕಿದವರಿಗೆ ನಿವಾಳಿಸಿ ಮೂರು ದಾರಿ ಕೂಡುವಲ್ಲಿ ಇಟ್ಟು ಬರುವುದೂ, ಹಿರಿಯರ ಹೆಸರಿನಲ್ಲಿ ಎಡೆ ಹಿಡಿಯುವುದೂ ಮನೆಮನೆಯ ರೂಢಿ. ಇವು ಬೌದ್ಧ ಆಚರಣೆಗಳಲ್ಲ, ಹಾಗೆಂದು ಹೇಳಬಾರದು. ಬುದ್ಧನಿಗಿಂತ ಮೊದಲೂ ಜನ ಮರಕ್ಕೆ, ಹುತ್ತಕ್ಕೆ, ಸತ್ತವರಿಗೆ ಅನ್ನವಿಡುತ್ತಿದ್ದರು. ಬೌದ್ಧ ಧರ್ಮ ಅದನ್ನು ಅಳಿಸಲು ಹೋಗದೆ ಅದಕ್ಕೊಂದು ಕಾರಣವನ್ನೂ ಕಥೆಯನ್ನೂ ಕೊಟ್ಟಿತು. ಭಾರ್ಹುತದ ಸ್ತೂಪದ ಕಟಾಂಜನದಲ್ಲಿ ಯಕ್ಷರು ಹೆಸರು ಸಮೇತ ಕಾವಲುಗಾರರಾಗಿ ನಿಂತಿರುವುದು ಈ ಒಪ್ಪಂದದ ಕಲ್ಲಿನ ದಾಖಲೆ.

ಕನ್ನಡ ನಾಡಿನಲ್ಲಿ ಸ್ತೂಪ ಸಂಸ್ಕೃತಿಯ ಕೇಂದ್ರ ಭೀಮೆಯ ದಂಡೆಯ ಸನ್ನತಿ. ಅಲ್ಲಿನ ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿಯ ಚಾವಣಿ 1986ರಲ್ಲಿ ಕುಸಿದು ಮೂರ್ತಿ ಒಡೆದಾಗ, ಅದರ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಕಾಣಿಸಿತು. 1990ರ ದಶಕದಲ್ಲಿ ಪಕ್ಕದ ಕನಗನಹಳ್ಳಿಯಲ್ಲಿ ಪುರಾತತ್ವ ಇಲಾಖೆ ಅಗೆದಾಗ ಮಹಾಸ್ತೂಪವೇ ಹೊರಬಂತು. ಅದರ ಫಲಕಗಳಲ್ಲಿ ಜಾತಕ ಕಥೆಗಳಿವೆ, ಅಶೋಕನ ಹೆಸರು ಬರೆದ ಚಿತ್ರವಿದೆ, ಶಾತವಾಹನ ರಾಜರ ಚಿತ್ರಗಳೂ ಇವೆ. ಭಯದ ಕಥೆಯ ಇತಿಹಾಸಕ್ಕೆ ಶಾತವಾಹನರು ಬೇಕಾಗುವುದು ಗುಣಾಢ್ಯನ ಕಾರಣಕ್ಕೆ.

ಗುಣಾಢ್ಯ ಶಾತವಾಹನ ರಾಜನ ಆಸ್ಥಾನದವನೆಂದು ಪರಂಪರೆ ಹೇಳುತ್ತದೆ. ಪಂತದಲ್ಲಿ ಸೋತು ಸಂಸ್ಕೃತ, ಪ್ರಾಕೃತ, ದೇಶಭಾಷೆ ಮೂರನ್ನೂ ಬಿಟ್ಟ ಅವನಿಗೆ ಉಳಿದದ್ದು ಪಿಶಾಚಿಗಳ ಭಾಷೆ. ವಿಂಧ್ಯದ ಕಾಡಿನಲ್ಲಿ ಕಾಣಭೂತಿ ಎಂಬ ಪಿಶಾಚಿ ಹೇಳಿದ ಕಥೆಗಳನ್ನು ಅವನು 7 ಲಕ್ಷ ಶ್ಲೋಕಗಳಲ್ಲಿ, ಶಾಯಿಯಿಲ್ಲದೆ ತನ್ನ ರಕ್ತದಲ್ಲೇ ಬರೆದನಂತೆ. ಪೈಶಾಚ ಭಾಷೆ, ರಕ್ತದ ಅಕ್ಷರ ಎಂದು ರಾಜ ತಿರಸ್ಕರಿಸಿದ. ಗುಣಾಢ್ಯ ಬೆಟ್ಟದ ಮೇಲೆ ಬೆಂಕಿ ಹಾಕಿ ಒಂದೊಂದೇ ಗರಿ ಓದುತ್ತ ಸುಟ್ಟ. ಕಾಡಿನ ಪ್ರಾಣಿಗಳು ಮೇವು ಬಿಟ್ಟು ಕಣ್ಣೀರಿಡುತ್ತ ಕೇಳಿದವು. ಅರಮನೆಗೆ ಬರುವ ಮಾಂಸ ಒಣಗಿದ್ದೇಕೆಂದು ವಿಚಾರಿಸಿಕೊಂಡು ರಾಜ ಓಡಿ ಬರುವಷ್ಟರಲ್ಲಿ ಉಳಿದಿದ್ದು ಒಂದು ಲಕ್ಷ. ಅದೇ 'ಬೃಹತ್ಕಥೆ'. ಮೂಲ ಕೃತಿ ಇಂದು ಇಲ್ಲ. ಆದರೆ ಕನ್ನಡ ನಾಡು ಅದನ್ನು ಬಹಳ ಮೊದಲೇ ಬಲ್ಲದು. 6ನೆಯ ಶತಮಾನದ ಗಂಗ ದೊರೆ ದುರ್ವಿನೀತ ಅದನ್ನು ಸಂಸ್ಕೃತಕ್ಕೆ ತಂದನೆಂದು ಗಂಗರ ಶಾಸನ ಹೇಳುತ್ತದೆ. ಕಲ್ಯಾಣ ಚಾಲುಕ್ಯರ ಎರಡನೆಯ ಜಯಸಿಂಹನ ಸಂಧಿವಿಗ್ರಹಿ ದುರ್ಗಸಿಂಹ 11ನೆಯ ಶತಮಾನದಲ್ಲಿ ಕನ್ನಡ 'ಪಂಚತಂತ್ರ' ಬರೆಯುವಾಗ ಅದರ ಬೇರನ್ನು ಗುಣಾಢ್ಯನಲ್ಲೇ ಕಂಡ.

ಬೇತಾಳನ 25 ಕಥೆಗಳು ನಮಗೆ ಸಿಗುವುದು ಬೃಹತ್ಕಥೆಯ ಕಾಶ್ಮೀರದ ರೂಪಗಳಲ್ಲಿ. 11ನೆಯ ಶತಮಾನದ ಸೋಮದೇವ ಅವನ್ನು 'ಕಥಾಸರಿತ್ಸಾಗರ'ದಲ್ಲಿ ಸೇರಿಸಿದ. ಅಲ್ಲಿ ಕಥೆ ನಡೆಯುವುದು ಗೋದಾವರಿಯ ದಂಡೆಯ ಪ್ರತಿಷ್ಠಾನದಲ್ಲಿ, ಅಂದರೆ ಶಾತವಾಹನರ ರಾಜಧಾನಿಯಲ್ಲಿ. ರಾಜನ ಹೆಸರು ತ್ರಿವಿಕ್ರಮಸೇನ. ಅವನಿಗೆ ದಿನವೂ ಒಂದು ಹಣ್ಣು ತಂದುಕೊಟ್ಟು, ಹಣ್ಣಿನೊಳಗೆ ರತ್ನವಿಟ್ಟು, ಋಣದ ಬಲೆಯಲ್ಲಿ ಕೆಡವಿ, ಕೊನೆಗೆ ಸುಡುಗಾಡಿನ ಮರದಿಂದ ಹೆಣ ತರಲು ಕಳಿಸುವವನು ಕ್ಷಾಂತಿಶೀಲನೆಂಬ ಭಿಕ್ಷು. ಕ್ಷಾಂತಿಯೂ ಶೀಲವೂ ಬೌದ್ಧರ ಪಾರಮಿತೆಗಳು. ಆ ಹೆಸರಿನವನನ್ನೇ ನರಬಲಿ ಕೊಡಲು ಹೊರಟ ಮಾಂತ್ರಿಕನನ್ನಾಗಿ ಮಾಡಿದ್ದರಲ್ಲಿ ಕಾಲದ ಗುರುತಿದೆ. ಬೌದ್ಧರು ಕ್ಷೀಣಿಸುತ್ತಿದ್ದ, ಅವರಲ್ಲಿ ಒಂದು ಪಂಗಡ ಸುಡುಗಾಡಿನ ಸಾಧನೆಗೆ ಹೆಸರಾಗಿದ್ದ ಹೊತ್ತಿನಲ್ಲಿ, ಶೈವ ಕಥೆಗಾರನ ಕಣ್ಣಿಗೆ ಭಿಕ್ಷುವೇ ಭಯದ ಮೂಲವಾದ. ಹೆಣದೊಳಗಿನ ಬೇತಾಳ ಮಾತ್ರ ಹಳೆಯ ಯಕ್ಷನ ಗುಣ ಬಿಡಲಿಲ್ಲ. ಕಥೆ ಹೇಳಿ ಪ್ರಶ್ನೆ ಕೇಳುತ್ತದೆ, ತಿಳಿದೂ ಉತ್ತರಿಸದಿದ್ದರೆ ತಲೆ ಸಿಡಿಯುತ್ತದೆಂದು ಹೆದರಿಸುತ್ತದೆ, ಮೆಚ್ಚಿದ ಮೇಲೆ ಭಿಕ್ಷುವಿನ ಸಂಚು ಬಯಲು ಮಾಡಿ ರಾಜನ ಪ್ರಾಣ ಉಳಿಸುತ್ತದೆ.

ಅದೇ ಶತಮಾನದ ಕರ್ನಾಟಕದಲ್ಲಿ ಬೌದ್ಧರು ಹೇಗಿದ್ದರೆಂಬುದಕ್ಕೆ ಶಾಸನಗಳೇ ಸಾಕ್ಷಿ. 1065ರಲ್ಲಿ ಬಳ್ಳಿಗಾವೆಯಲ್ಲಿ ದಂಡನಾಯಕ ರೂಪಭಟ್ಟಯ್ಯ ಜಯಂತಿಪ್ರಬುದ್ಧ ವಿಹಾರ ಕಟ್ಟಿಸಿದ. ಅಲ್ಲಿ ತಾರಾಭಗವತಿಗೆ ಪೂಜೆ ನಡೆಯುತ್ತಿತ್ತು. ಇಂದಿನ ಗದಗ ಜಿಲ್ಲೆಯ ಡಂಬಳದ 1095ರ ಶಾಸನ 16 ಸೆಟ್ಟಿಗಳು ಕಟ್ಟಿಸಿದ ಬುದ್ಧ ವಿಹಾರಕ್ಕೂ ಲೊಕ್ಕಿಗುಂಡಿಯ ಸಂಗವಯ್ಯಸೆಟ್ಟಿ ಕಟ್ಟಿಸಿದ ಆರ್ಯತಾರಾದೇವಿ ವಿಹಾರಕ್ಕೂ ದತ್ತಿ ಕೊಟ್ಟದ್ದನ್ನು ದಾಖಲಿಸುತ್ತದೆ. ಅದರಲ್ಲಿರುವ ತಾರೆಯ ಸ್ತುತಿ ಅವಳು ನೀಗುವ ಎಂಟು ಭಯಗಳನ್ನು ಎಣಿಸುತ್ತದೆ: ಸಿಂಹ, ಆನೆ, ಬೆಂಕಿ, ಹಾವು, ಕಳ್ಳರು, ಸಂಕೋಲೆ, ಸಮುದ್ರ, ಪಿಶಾಚಿ. ದೂರದೂರಕ್ಕೆ ಸರಕು ಸಾಗಿಸುವ ವ್ಯಾಪಾರಿಗೆ ಇವೆಲ್ಲವೂ ದಾರಿಯಲ್ಲಿ ಎದುರಾಗುವ ಅಪಾಯಗಳೇ. ಕಳ್ಳರಷ್ಟೇ ಪಿಶಾಚಿಯೂ ನಿಜವೆಂದು ನಂಬಿದ ಸೆಟ್ಟಿಗಳು ತಮ್ಮ ರಕ್ಷಣೆಗೆ ಬೌದ್ಧ ದೇವತೆಯನ್ನು ನಂಬಿದರು. ಆಮೇಲೆ ಬೌದ್ಧ ವಿಹಾರಗಳು ಒಂದೊಂದಾಗಿ ಮುಚ್ಚಿದರೂ ಬೇತಾಳ ಉಳಿಯಿತು. ಹಾಸನದ ಬಳಿಯ ದೊಡ್ಡಗದ್ದವಳ್ಳಿಯಲ್ಲಿ 12ನೆಯ ಶತಮಾನದ ಆರಂಭದಲ್ಲಿ ಕಟ್ಟಿದ ಲಕ್ಷ್ಮೀದೇವಿ ಗುಡಿಯ ಕಾಳಿಯ ಗರ್ಭಗುಡಿ ಮುಂದೆ ಎಲುಬುಗೂಡಿನಂಥ, ಆಳೆತ್ತರದ ಎರಡು ಬೇತಾಳಗಳು ಕಾವಲು ನಿಂತಿವೆ. ಒಣಗಿದ ಹೊಟ್ಟೆ, ಎದ್ದು ಕಾಣುವ ಪಕ್ಕೆಲುಬು. ಒಳಗೆ ಹೋಗುವವರು ಅವುಗಳ ನಡುವೆಯೇ ಹಾದು ಹೋಗಬೇಕು.

ಹೊರದೇಶಗಳಲ್ಲಿ ಈ ನಂಬಿಕೆ ಬೇರೆ ಬೇರೆ ಸಾಹಿತ್ಯವಾಗಿ ಬೆಳೆಯಿತು. ಸಿಂಹಳದ 'ಸನ್ನಿ ಯಕುಮ' ಎಂಬ ಮುಖವಾಡದ ಆಚರಣೆಯಲ್ಲಿ 18 ರೋಗಗಳ 18 ಯಕ್ಷರು ರಾತ್ರಿಯಿಡೀ ಕುಣಿಯುತ್ತಾರೆ. ಅವರ ನಾಯಕ ಕೋಲಸನ್ನಿ, ಸಂಶಯದಿಂದ ಕೊಲ್ಲಲ್ಪಟ್ಟ ವೈಶಾಲಿಯ ರಾಣಿಯ ಹೆಣದಿಂದ ಹುಟ್ಟಿ, ಅದನ್ನೇ ತಿಂದು ಬೆಳೆದು, ತಂದೆಯ ಊರನ್ನೇ ನಾಶ ಮಾಡಲು ಬಂದವನು. ಬುದ್ಧ ಅವನನ್ನು ತಡೆದ. ಎಡೆ ಕೊಟ್ಟಾಗ ರೋಗ ಬಿಟ್ಟು ಹೋಗಬೇಕೆಂಬ ಕರಾರಾಯಿತು. ಜಪಾನಿನಲ್ಲಿ ಉಎದಾ ಅಕಿನಾರಿಯ 'ಉಗೆತ್ಸು ಮೊನೊಗತಾರಿ' (1776), ಲಾಫ್ಕಾಡಿಯೋ ಹರ್ನ್ ಇಂಗ್ಲಿಷಿನಲ್ಲಿ ಬರೆದ 'ಕ್ವೈದಾನ್' (1904), ಅದನ್ನಾಧರಿಸಿದ ಕೊಬಯಾಶಿಯ 1964ರ ಚಿತ್ರ ಇವೆಲ್ಲ ಇದೇ ನೀರು ಕುಡಿದು ಬೆಳೆದವು. ಕುರುಡ ಗಾಯಕ ಹೋಯಿಚಿಯ ಮೈತುಂಬ ಪ್ರಜ್ಞಾಪಾರಮಿತಾ ಹೃದಯಸೂತ್ರ ಬರೆದ ಭಿಕ್ಷುಗಳು ಕಿವಿಯ ಮೇಲೆ ಬರೆಯಲು ಮರೆತದ್ದರಿಂದ ಭೂತ ಕಿವಿಗಳನ್ನಷ್ಟೇ ಕಿತ್ತೊಯ್ದ ಕಥೆ ಜಗತ್ಪ್ರಸಿದ್ಧ. ಥಾಯ್ಲೆಂಡಿನ ನಾಕ್ ಎಂಬ ಬಾಣಂತಿ ದೆವ್ವದ ಕಥೆ ಹಲವು ಬಾರಿ ಸಿನಿಮಾ ಆಗಿದೆ. 1999ರ 'ನಾಂಗ್ ನಾಕ್'ನಲ್ಲಿ ಮಂತ್ರವಾದಿಗಳು ಸೋತಲ್ಲಿ ವೃದ್ಧ ಭಿಕ್ಷು ಸಮಾಧಾನದ ಮಾತಿನಿಂದ ಅವಳನ್ನು ಗಂಡನಿಂದ ಬಿಡಿಸಿ ಕಳಿಸುತ್ತಾನೆ.

ಬೇತಾಳ ಹೋದದ್ದು ಟಿಬೆಟ್ಟಿಗೆ. ಅಲ್ಲಿ ಎದ್ದ ಹೆಣಕ್ಕೆ 'ರೋಲಾಂಗ್' ಎಂದು ಹೆಸರು. ಅದಕ್ಕೆ ಬೆನ್ನು ಬಗ್ಗಿಸಲು ಬಾರದು, ಆದ್ದರಿಂದ ಮನೆಯ ಬಾಗಿಲನ್ನು ತಗ್ಗಾಗಿ ಕಟ್ಟಿದರೆ ಒಳಗೆ ಬರಲಾರದು ಎಂಬ ನಂಬಿಕೆಯಿಂದ ಹಳೆಯ ಮನೆಗಳ ಬಾಗಿಲು ತಗ್ಗಾಗಿರುತ್ತಿದ್ದವು. ಬೇತಾಳನ ಕಥಾಮಾಲೆ ಅಲ್ಲಿ 'ರೋದ್ರುಂಗ್' ಆಯಿತು. ಅದರಲ್ಲಿ ಹೆಣ ತರಲು ಕಳಿಸುವವನು ವಂಚಕ ಭಿಕ್ಷುವಲ್ಲ, ಬೌದ್ಧ ದಾರ್ಶನಿಕ ಆಚಾರ್ಯ ನಾಗಾರ್ಜುನ. ರಾಜಕುಮಾರ ತನ್ನ ಪಾಪದ ಪ್ರಾಯಶ್ಚಿತ್ತಕ್ಕೆ ಹೆಣ ಹೊತ್ತು ತರಬೇಕು, ದಾರಿಯಲ್ಲಿ ಬಾಯಿ ಬಿಡಬಾರದು. ಹೆಣ ಕಥೆ ಹೇಳುತ್ತದೆ. ರಸ ಬಂದಾಗ ರಾಜಕುಮಾರ ಮೈಮರೆತು ಉದ್ಗಾರ ತೆಗೆಯುತ್ತಾನೆ. ಹೆಣ ಸುಡುಗಾಡಿಗೆ ಹಾರಿಹೋಗುತ್ತದೆ. ಪರಂಪರೆಯ ಪ್ರಕಾರ ನಾಗಾರ್ಜುನ ಶಾತವಾಹನ ರಾಜನ ಗೆಳೆಯ, ಕೃಷ್ಣೆಯ ಕೆಳದಂಡೆಯ ಶ್ರೀಪರ್ವತದಲ್ಲಿ ನೆಲೆಸಿದವನು. ರಾಯಚೂರಿನ ಪಕ್ಕದಲ್ಲಿ ಹರಿದುಹೋದ ನೀರೇ ಅಲ್ಲಿಗೂ ತಲುಪುತ್ತದೆ. ಗುಣಾಢ್ಯನ ನೆನಪು ಮತ್ತು ನಾಗಾರ್ಜುನನ ನೆನಪು ಎರಡೂ ಶಾತವಾಹನರ ದಕ್ಷಿಣಕ್ಕೇ ಕೈತೋರುತ್ತವೆ.

ಕನ್ನಡದಲ್ಲಿ ಬೇತಾಳನ ಕಥೆಯನ್ನು ಮನೆಮನೆಗೆ ಮುಟ್ಟಿಸಿದ್ದು 'ಚಂದಮಾಮ'. ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ 1947ರಲ್ಲಿ ಮದ್ರಾಸಿನಿಂದ ಶುರುಮಾಡಿದ ಆ ಪತ್ರಿಕೆ ಕೆಲವೇ ವರ್ಷಗಳಲ್ಲಿ ಕನ್ನಡದಲ್ಲೂ ಬಂತು. 25 ಕಥೆ ಮುಗಿದ ಮೇಲೂ ಅದೇ ಚೌಕಟ್ಟಿನಲ್ಲಿ ಹೊಸ ಹೊಸ ಕಥೆ ಬರೆದು ದಶಕಗಟ್ಟಲೆ ನಡೆಸಿತು. ಕಲಾವಿದ ಶಂಕರ್ ಬರೆದ ಚಿತ್ರದಲ್ಲಿ ರಾಜನ ಕೈಯಲ್ಲಿ ಹಿರಿದ ಕತ್ತಿ, ಹೆಗಲ ಮೇಲೆ ಹೆಣ, ಸುತ್ತ ತಲೆಬುರುಡೆ ಮತ್ತು ಹಾವು. ಅದನ್ನು ನೋಡಿ ಹೆದರಿದ ಮಕ್ಕಳೇ ಮುಂದಿನ ಸಂಚಿಕೆಗೆ ಕಾಯುತ್ತಿದ್ದರು. ನ್ಯಾಯದ ಒಗಟು ಉಳಿಯಿತು, ಭಿಕ್ಷು ಮರೆಯಾದ, ಬೌದ್ಧ ವಾಸನೆ ಪೂರ್ತಿ ಹೋಯಿತು. ಜಿ.ಪಿ. ರಾಜರತ್ನಂ ಪಾಲಿ ಕಲಿತು ಬೌದ್ಧ ಸಾಹಿತ್ಯವನ್ನು ಕನ್ನಡಕ್ಕೆ ತರಲು ದುಡಿದರು. ಗೋವಿಂದ ಪೈ, ಮಾಸ್ತಿ, ಕುವೆಂಪು ಬುದ್ಧನನ್ನು ಕುರಿತು ಬರೆದರು. ಆದರೆ ಅವರನ್ನು ಸೆಳೆದದ್ದು ಬುದ್ಧನ ತ್ಯಾಗ, ಕರುಣೆ, ನಿರ್ವಾಣ. ಪೇತವತ್ಥುವಿನ ಹಸಿದ ನೆಂಟರು ಕನ್ನಡದ ಸೃಜನಶೀಲ ಸಾಹಿತ್ಯಕ್ಕೆ ಬರಲೇ ಇಲ್ಲ ಎನ್ನಬಹುದು. ಅದು ದೊಡ್ಡ ನಷ್ಟ.

ಕನ್ನಡದ ಜನಪ್ರಿಯ ಭಯಾನಕ ಕಾದಂಬರಿ ಮತ್ತು ಸಿನಿಮಾ ಬೇರೆ ದಾರಿ ಹಿಡಿದವು. 1979ರ 'ನಾ ನಿನ್ನ ಬಿಡಲಾರೆ', ತೆಲುಗಿನ ಯಂಡಮೂರಿ ವೀರೇಂದ್ರನಾಥರ ಕಾದಂಬರಿಯಿಂದ ಬಂದ 'ತುಳಸಿದಳ' (1985) ಇವುಗಳಲ್ಲಿ ದುಷ್ಟಶಕ್ತಿ ಮತ್ತು ದೈವಶಕ್ತಿಗಳ ಕಾದಾಟವೇ ಪ್ರಧಾನ. ದೆವ್ವಕ್ಕೂ ಒಂದು ನೋವಿದೆ, ಅದು ತೀರಬೇಕು ಎಂಬ ಎಳೆ ಮಾತ್ರ ಪೂರ್ತಿ ಕಡಿದುಹೋಗಲಿಲ್ಲ. ಮಲಯಾಳದ 'ಮಣಿಚಿತ್ರತ್ತಾಳ್' (1993) ಆಧರಿಸಿದ 'ಆಪ್ತಮಿತ್ರ'ದಲ್ಲಿ (2004) ನಾಗವಲ್ಲಿ ಶಾಂತಳಾಗುವುದು ಸೇಡು ತೀರಿತೆಂದು ಅವಳಿಗೆ ಅನಿಸಿದ ಮೇಲೆ. ಅದಕ್ಕಾಗಿ ಮನುಷ್ಯನ ಬದಲು ಬೊಂಬೆ ಇಡುತ್ತಾರೆ. 1990ರ ದಶಕದಲ್ಲಿ ಬೆಂಗಳೂರಿನ ಸುತ್ತಮುತ್ತ ರಾತ್ರಿ ಬಾಗಿಲು ಬಡಿಯುವ ದೆವ್ವದ ಸುದ್ದಿ ಹಬ್ಬಿ, ಜನ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದರು. ದೆವ್ವ ಓದಿ, ಒಪ್ಪಿ, ಹಿಂದಿರುಗಿ, ಮರುದಿನ ಮತ್ತೆ ಬಂದು ಅದನ್ನೇ ಓದುತ್ತದೆ ಎಂಬ ನಂಬಿಕೆ. ಮಂತ್ರವಾದಿಯಿಲ್ಲ, ಬೆಂಕಿಯಿಲ್ಲ, ಹೊಸ್ತಿಲಲ್ಲಿ ಒಂದು ಮಾತುಕತೆ ಅಷ್ಟೆ. 2018ರ ಹಿಂದಿ ಚಿತ್ರ 'ಸ್ತ್ರೀ' ಈ ಕಥೆಯನ್ನು ದೇಶಕ್ಕೆಲ್ಲ ಪರಿಚಯಿಸಿತು.

ಬೌದ್ಧ ಭೂತಗಳು ಕರ್ನಾಟಕಕ್ಕೆ ಎರಡನೆಯ ಸಲ ಬಂದದ್ದು ಟಿಬೆಟ್ಟಿನ ನಿರಾಶ್ರಿತರ ಜೊತೆ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರಿಂದ, ಉತ್ತರ ಕನ್ನಡದ ಮುಂಡಗೋಡಿನಲ್ಲಿ 1966ರಿಂದ ಅವರ ನೆಲೆಗಳು ಬೆಳೆದವು. ಪೆನೊರ್ ರಿಂಪೋಚೆ 1963ರಲ್ಲಿ ಬೈಲಕುಪ್ಪೆಯಲ್ಲಿ ಸ್ಥಾಪಿಸಿದ ನಾಮ್‌ಡ್ರೋಲಿಂಗ್ ಮಠದ ಚಿನ್ನದ ಗುಡಿಯಲ್ಲಿ ಸುಮಾರು 60 ಅಡಿ ಎತ್ತರದ ಮೂರ್ತಿಗಳಿವೆ. ಅವುಗಳಲ್ಲಿ ಒಂದು ಪದ್ಮಸಂಭವನದು. 8ನೆಯ ಶತಮಾನದಲ್ಲಿ ಟಿಬೆಟ್ಟಿನ ಸಮ್ಯೆ ವಿಹಾರದ ಗೋಡೆಗಳನ್ನು ರಾತ್ರಿಯಲ್ಲಿ ಕೆಡವುತ್ತಿದ್ದ ಭೂತಗಳನ್ನು ಅವನು ಕೊಲ್ಲದೆ, ಆಣೆ ಹಾಕಿಸಿ ಧರ್ಮದ ಕಾವಲಿಗೆ ನಿಲ್ಲಿಸಿದನೆಂದು ನಂಬಿಕೆ. ಗುಡಿಯ ಗೋಡೆಗಳ ಮೇಲೆ ಕೋರೆಹಲ್ಲು, ತಲೆಬುರುಡೆಯ ಮಾಲೆ ಧರಿಸಿ ನಿಂತ ಉಗ್ರಮೂರ್ತಿಗಳನ್ನು ನೋಡಿ ಪ್ರವಾಸಿಗರು ರಾಕ್ಷಸರೆಂದುಕೊಳ್ಳುತ್ತಾರೆ. ಅವರು ಕಾವಲಿನವರು.

ಟಿಬೆಟನ್ ವರ್ಷದ ಕೊನೆಯ ತಿಂಗಳ 29ನೆಯ ದಿನ ಪ್ರತಿ ಮನೆಯಲ್ಲೂ 'ಗುತುಕ್' ಎಂಬ ಸಾರು ಮಾಡುತ್ತಾರೆ. ಹಿಟ್ಟಿನಲ್ಲಿ ಒಂದು ಬೊಂಬೆ ಮಾಡಿ, ಮನೆಯವರ ಮೈಯಿಂದ ಕೆಡುಕನ್ನೆಲ್ಲ ಅದಕ್ಕೆ ಇಳಿಸಿ, ಉರಿಯುವ ಹುಲ್ಲಿನ ಸೂಡಿಯೊಂದಿಗೆ ದಾರಿ ಕೂಡುವಲ್ಲಿ ಬಿಟ್ಟು ಬರುತ್ತಾರೆ. ರಾಯಚೂರಿನ ಅಜ್ಜಿಯೊಬ್ಬರು ಅದನ್ನು ನೋಡಿದರೆ ನಿವಾಳಿಸುವುದೆಂದು ತಕ್ಷಣ ಗುರುತಿಸುತ್ತಾರೆ. ಅದೇ ಹೊತ್ತಿಗೆ ಮಠದ ಅಂಗಳದಲ್ಲಿ ಮುಖವಾಡ ತೊಟ್ಟ ಲಾಮಾಗಳ 'ಚಾಮ್' ಕುಣಿತ ನಡೆಯುತ್ತದೆ. ಹೊಸ ವರ್ಷದ ಹಬ್ಬ ಲೋಸರ್ ಸಾಮಾನ್ಯವಾಗಿ ಫೆಬ್ರುವರಿ ಅಥವಾ ಮಾರ್ಚಿನಲ್ಲಿ ಬರುತ್ತದೆ. ಅದರ ಹಿಂದಿನ ದಿನಗಳಲ್ಲಿ ಬೈಲಕುಪ್ಪೆಗೆ ಹೋದವರು ಅಂಗಳದ ಅಂಚಿನಲ್ಲಿ ಕೂತು ಈ ಕುಣಿತವನ್ನು ನೋಡಬಹುದು.